ರಾಗಿಕಲ್ಲಿಗೆ ಕೂತ ಲ್ಯಾಟಿನ್ ಪದ

ಕಾರ್ಖಾನೆಗೆ ರಜೆಯಿದ್ದ ಭಾನುವಾರ ಬೆಳಗ್ಗೆ, ಕೆಲಮಂಗಲದ ತನ್ನ ಮನೆಯ ಜಗಲಿಯಲ್ಲಿ ಮುನೀಶ ಲ್ಯಾಪ್‌ಟಾಪಿನೊಡನೆ ಜಗಳಕ್ಕೆ ಬಿದ್ದಿದ್ದ. ಎರಡು ಸಾವಿರ ವರ್ಷ ಹಳೆಯ ಲ್ಯಾಟಿನ್ ತತ್ವಪದ್ಯವೊಂದನ್ನು ಕಂಪ್ಯೂಟರಿನ ಹೆಣ್ಣುದನಿಯಲ್ಲಿ ಹಾಡಿಸುವ ಹುಚ್ಚು ಅವನದು. ದನಿ ಇಂಪಾಗಿತ್ತು, ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಹಾಡಿಗೆ ಮಾತ್ರ ಜೀವ ಬಂದಿರಲಿಲ್ಲ.

ಮಿಲ್ಲಿನ ಹಿಟ್ಟು ಒಗ್ಗದೆ ಪಕ್ಕದಲ್ಲೇ ರಾಗಿ ಬೀಸುತ್ತಿದ್ದ ತಾಯಿ ಕೊಂಡಮ್ಮ ಕೇಳಿ ಕೇಳಿ ರೇಗಿದಳು. “ಯಾರ್ಲಾ ಅವ್ಳು, ಉಸ್ರೇ ಬುಡ್ದೆ ಹಾಡ್ತಾವ್ಳೆ? ಏನಂತೆ ಅವಳ್ದು?”

“ಲೋಕವೆಲ್ಲ ಸಣ್ಣ ಸಣ್ಣ ಕಾಳಿಂದಾನೇ ಆಗಿರೋದಂತೆ ಅಮ್ಮಾ. ಎಲ್ಲಾ ಪುಡಿಯಾಯ್ತದೆ, ಯಾವ್ದೂ ಇಲ್ದಂಗಾಗಲ್ವಂತೆ. ತಿರ್ಗಾ ಸೇರ್ಕೊಂಡು ಇನ್ನೊಂದಾಯ್ತದಂತೆ.”

“ಅಯ್ಯೋ, ಇದು ಬೀಸೋ ಪದ ಕಣ್ಲಾ! ನಾಕು ಸುತ್ತಿಗೆ ಒಂದು ಸಾಲು, ಹಿಡಿ ರಾಗಿ ಹಾಕೋವಾಗ ಉಸ್ರು. ಅಂಗೆ ಹಾಡ್ಸು.”

ಮುನೀಶ ಕಂಪ್ಯೂಟರಿನ ತಾಳವನ್ನು ಅಳಿಸಿದ. ಕಲ್ಲಿನ ಪಕ್ಕ ಮೈಕು ಇಟ್ಟು, ಅದರ ಗರಗರ ಸದ್ದಿಗೇ ಸಾಲುಗಳನ್ನು ಕೂರಿಸಿದ. ಮಧ್ಯಾಹ್ನದ ಹೊತ್ತಿಗೆ ಹಾಡು ಕಲ್ಲಿನಂತೆಯೇ ತಿರುಗತೊಡಗಿತು. ಕೊಂಡಮ್ಮ ತಲೆದೂಗುತ್ತ ಅದರ ಜೊತೆಗೇ ಬೀಸಿದಳು.

ಹಾಡು ಮುಗಿದಾಗ ಮುನೀಶ ಹೊಗಳಿಕೆಗಾಗಿ ಅವಳ ಮುಖ ನೋಡಿದ. ಅವಳು ಮೊರ ತೋರಿಸಿ ಗದರಿದಳು:

“ರಾಗಿ ಮುಗಿಯೋಕ್ ಮುಂಚೆ ಯಾರಾನಾ ಪದ ನಿಲ್ಲುಸ್ತಾರೇನ್ಲಾ? ಇನ್ನೂ ಅರ್ಧ ಮೊರ ಐತೆ, ಹಾಡ್ಸು!”