ತಾನಾಗಿ ಬಿದ್ದ ಬ್ರೇಕು

ಶಶಿರೇಖಾ ಹೊಸಕೋಟೆಯ ಶೀತಲಗೃಹವೊಂದರಲ್ಲಿ ಮೇಲ್ವಿಚಾರಕಿ. ಸೂಲಿಬೆಲೆ ಪಕ್ಕದ ತನ್ನ ಊರಿನಿಂದ ಬಹಳ ವರ್ಷ ಹಳೆಯ ಕಾರೊಂದರಲ್ಲಿ ಓಡಾಡಿದವಳು. ಒಂದು ಕೋಳಿಗೂ ಗುದ್ದಿದವಳಲ್ಲ. ದೀಪಾವಳಿಗೆ ಅವಳ ಗಂಡ ಆನಂದ್ ಹೊಸ ಕಾರು ತಂದ. ಮುಂದೆ ಏನಾದರೂ ಅಡ್ಡ ಬಂದರೆ ಅದು ತಾನೇ ಬ್ರೇಕ್ ಹಾಕಿಕೊಳ್ಳುತ್ತಿತ್ತು. ಗಾಜಿನ ಮೇಲಿರುವ ಕ್ಯಾಮೆರಾ ನಿನಗಿಂತ ಚುರುಕು ಎಂದು ಆನಂದ್ ಹೇಳಿದ್ದ.

ಜನವರಿಯ ಒಂದು ಬೆಳಿಗ್ಗೆ ಅತ್ತೆ ಮುನಿವೆಂಕಟಮ್ಮನನ್ನು ಕಣ್ಣಿನ ಪರೀಕ್ಷೆಗೆಂದು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಸುಗ್ಗಿಯ ಕಾಲ. ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ಊರವರು ರಾಗಿ ತೆನೆಯನ್ನು ರಸ್ತೆಯುದ್ದಕ್ಕೂ ಹರಡಿದ್ದರು. ಬಸ್ಸು, ಲಾರಿ ಎಲ್ಲವೂ ಅದರ ಮೇಲೆಯೇ ಹೋಗುತ್ತಿದ್ದವು. ಅವಳೂ ವೇಗ ತಗ್ಗಿಸಿ ಕಾರನ್ನು ತೆನೆಯತ್ತ ಬಿಟ್ಟಳು. ಕೀಂಯ್ ಎಂದು ಸದ್ದಾಗಿ ಪರದೆಯ ಮೇಲೆ ಕೆಂಪು ಗುರುತು ಹೊಳೆಯಿತು. ಕಾರು ಗಕ್ಕನೆ ನಿಂತಿತು. ಹಿಂದೆಯೇ ಡೈರಿಗೆ ಹಾಲು ಒಯ್ಯುತ್ತಿದ್ದ ಬೈಲಪ್ಪನ ಮೊಪೆಡ್ ಬಂದು ಬಡಿಯಿತು. ಹಾಲೆಲ್ಲ ರಾಗಿಯೊಳಗೆ ಹರಿಯಿತು. ಅವನ ಬಲಗಾಲಿನ ಮೂಳೆ ಮುರಿದಿತ್ತು.

ಅದೇ ಕಾರಿನಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ದಾರಿಯುದ್ದಕ್ಕೂ ಅವನ ತಲೆ ಮುನಿವೆಂಕಟಮ್ಮನ ತೊಡೆಯ ಮೇಲಿತ್ತು. ಕಾಲಿಗೆ ಪಟ್ಟಿ ಹಾಕಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ಯಾಕಮ್ಮ ಹಂಗ್ ನಿಲ್ಲಿಸ್ಬಿಟ್ಟೆ? ಮುಂದೆ ಏನೂ ಇರ್ಲಿಲ್ವಲ್ಲ."

"ನಾನು ನಿಲ್ಲಿಸ್ಲಿಲ್ಲ ಬೈಲಪ್ಪಣ್ಣ. ಕಾರೇ ನಿಂತ್ಕಂತು."

ಬೈಲಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಆನಂದ್ ರೇಗಲಿಲ್ಲ. ಗಾಬರಿಯಲ್ಲಿ ಕಾಲು ಬ್ರೇಕಿನ ಮೇಲೆ ಹೋಗಿರುತ್ತದೆ, ಯಾರಿಗಾದರೂ ಆಗುವಂಥದ್ದೇ ಎಂದು ಸಮಾಧಾನ ಹೇಳಿದ. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅತ್ತೆಯನ್ನು ಕೇಳಿದಾಗ, ತಾನು ಹೊಲದ ಕಡೆ ನೋಡುತ್ತಿದ್ದೆ, ಸೊಸೆಯ ಕಾಲನ್ನಲ್ಲ ಎಂದರು. ಅವರು ಕಂಡದ್ದನ್ನಷ್ಟೇ ಹೇಳುವವರು.

ಶಶಿರೇಖಾ ಹಟ ಹಿಡಿದು ಸರ್ವಿಸ್ ಸೆಂಟರಿನ ಎಂಜಿನಿಯರ್ ವಸಂತ್‌ನನ್ನು ಊರಿಗೆ ಕರೆಸಿದಳು. ಅವನು ಅದೇ ಜಾಗದಲ್ಲಿ ರಾಗಿ ಹುಲ್ಲಿನ ಮೇಲೆ ಕಾರನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದ. ಕಾರು ಒಮ್ಮೆಯೂ ತಡೆಯಲಿಲ್ಲ. ಯಂತ್ರ ಸರಿಯಾಗಿದೆ ಎಂದು ಹೇಳಿ ಹೊರಟ. ರಸ್ತೆಯ ಪಕ್ಕ ನಿಂತಿದ್ದ ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂದಿನಿಂದ ಅವಳು ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಾಗ ಒಮ್ಮೊಮ್ಮೆ ಬಲಗಾಲನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದಳು. ನಿಜಕ್ಕೂ ಒತ್ತಿದ್ದೆನೇ? ಕಾಲು ತನ್ನದೇ, ಆದರೆ ಅದರ ಮಾತನ್ನು ನಂಬುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಆನಂದ್ ಒಂದು ಮಧ್ಯಾಹ್ನ ನಂದಗುಡಿಯಿಂದ ಅದೇ ಕಾರಿನಲ್ಲಿ ಒಬ್ಬನೇ ಬರುತ್ತಿದ್ದ. ತಿರುವಿನಲ್ಲಿ ಯಾರದೋ ರಾಗಿ ಹರಡಿತ್ತು. ಕಾರು ಕಿರುಚಿ ನಿಂತಿತು. ಸೀಟುಬೆಲ್ಟು ಎದೆಗೆ ಬಿಗಿಯಿತು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಅವನು ಬಗ್ಗಿ ನೋಡಿಕೊಂಡ. ಕಾಲು ಆಕ್ಸಿಲರೇಟರಿನ ಮೇಲೇ ಇತ್ತು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ನೇರವಾಗಿ ಬೈಲಪ್ಪನ ಮನೆಗೆ ಹೋಗಿ, ಜಗುಲಿಯ ಮೇಲಿದ್ದ ನಾಲ್ಕು ಜನರೆದುರು ನಡೆದದ್ದನ್ನು ಹೇಳಿದ. ಸಂಜೆ ಬಸ್ಸಿನಿಂದ ಇಳಿದ ಶಶಿರೇಖಾಗೆ ಅದು ಗೊತ್ತಾದದ್ದು ಬೈಲಪ್ಪನ ಹೆಂಡತಿಯಿಂದ.

ಮನೆಯಲ್ಲಿ ಆನಂದ್ ಅವರೆಕಾಯಿ ಸುಲಿಯುತ್ತ ಕೂತಿದ್ದ. ತನಗೇಕೆ ಮೊದಲು ಹೇಳಲಿಲ್ಲವೆಂದು ಅವಳು ಕೇಳಿದಳು.

"ನಿನ್ಗೆ ಹೇಳಕ್ಕೆ ಮುಖ ಇರ್ಲಿಲ್ಲ," ಎಂದ.

"ನಾನು ಎಷ್ಟ್ ಸಲ ಹೇಳಿದ್ರೂ ಯಾರೂ ನಂಬ್ಲಿಲ್ಲ. ನೀವು ಒಂದ್ಸಲ ಹೇಳಿದ್ದಕ್ಕೆ ಎಲ್ಲಾರೂ ನಂಬ್ಬಿಟ್ರು."

ಆನಂದ್ ಸಿಪ್ಪೆಗಳನ್ನು ಒಂದು ಕಡೆಗೆ ಗುಡಿಸಿದ.

ಮರುದಿನ ಇಬ್ಬರೂ ಸರ್ವಿಸ್ ಸೆಂಟರಿಗೆ ಹೋದರು. ಮಾತಾಡಿದ್ದೆಲ್ಲ ಅವಳೇ. ಈ ಸಲ ವಸಂತ್ ಅಡ್ಡ ಮಾತಾಡದೆ ಕೇಳಿಸಿಕೊಂಡ. ಕೆಲವು ವಾರಗಳಾದ ಮೇಲೆ ಕಂಪನಿ ಆ ಮಾದರಿಯ ಕಾರುಗಳನ್ನೆಲ್ಲ ಕರೆಸಿಕೊಂಡು ಒಳಗಿನ ಸಾಫ್ಟ್‌ವೇರ್ ಬದಲಿಸಿತು. ಸುಧಾರಣೆ ಎಂದರೇ ಹೊರತು, ಏನು ಕೆಟ್ಟಿತ್ತೆಂದು ಯಾರೂ ಹೇಳಲಿಲ್ಲ. ಆ ಬ್ರೇಕನ್ನು ಆಫ್ ಮಾಡುವುದನ್ನು ವಸಂತ್ ತೋರಿಸಿಕೊಟ್ಟ. ಪ್ರತಿ ಸಲ ಕಾರು ಶುರುವಾದಾಗ ಅದು ಮತ್ತೆ ತಾನೇ ಆನ್ ಆಗುತ್ತದೆ ಎಂದೂ ಹೇಳಿದ. ಶಶಿರೇಖಾ ಮತ್ತೆ ಕಾರು ಓಡಿಸತೊಡಗಿದಳು.

ಬೈಲಪ್ಪನ ಕಾಲಿನ ಪಟ್ಟಿ ಬಿಚ್ಚುವ ದಿನ ಅವಳು ಕಾರು ತರುತ್ತೇನೆಂದರೆ ಅವನು ಒಪ್ಪಲಿಲ್ಲ, ಆಟೋ ಹೇಳಿಸಿದ. ಅವಳೂ ಅದೇ ಆಟೋದಲ್ಲಿ ಅವನ ಪಕ್ಕ ಕೂತಳು.

ಸ್ವಲ್ಪ ದೂರ ಹೋದ ಮೇಲೆ ಅವನು, "ನಾನೂ ಅವತ್ತು ನಿನ್ ಕಾರಿನ್ ಹಿಂದೆ ಅಂಟ್ಕಂಡೇ ಬರ್ತಿದ್ದೆ ಕಣಮ್ಮ," ಎಂದ.

ಕನ್ನಡಿಯಲ್ಲಿ ನೋಡಿದ್ದೆ ಎಂದಳು ಅವಳು. ಆಮೇಲೆ ಇಬ್ಬರೂ ಹೊಸಕೋಟೆ ತಲುಪುವವರೆಗೆ ಆ ವರ್ಷ ಯಾರ ಹೊಲದಲ್ಲಿ ರಾಗಿ ಹೇಗೆ ಬಂತೆಂದು ಮಾತಾಡಿಕೊಂಡರು.