ತಿರುಪಿನ ಇನ್ನೊಂದು ಸುತ್ತು

ಪಾರ್ಲರ್ ಆಂಟಿಗೆ ತನ್ನ ಕೈಗುಣದ ಮೇಲೆ ಬಹಳ ನಂಬಿಕೆ. ಈ ಬೀದಿಯ ಅರ್ಧ ಹೆಣ್ಣುಮಕ್ಕಳ ಕಿವಿ ಚುಚ್ಚಿದ್ದು ತಾನೇ ಎಂದು ಕನ್ನಡಿಯ ಮುಂದೆ ಕೂತವರಿಗೆಲ್ಲ ಹೇಳುವಳು. ಟಾಪ್ಸ್ ಬಿದ್ದುಹೋಯಿತೆಂದು ಯಾರೂ ತಿರುಗಿ ಬಂದು ಜಗಳ ತೆಗೆಯಬಾರದು. ಅದಕ್ಕೇ ಓಲೆಯ ಹಿಂದಿನ ತಿರುಪನ್ನು ಗಟ್ಟಿಯಾಗಿ ಕೂರಿಸುವಳು. ಕಿವಿ ಕೆಂಪಾಗಿದೆ ಎಂದರೆ ಅವಳದು ಒಂದೇ ಮಾತು, ಕೆಂಪಾದರೆ ಒಳಗೆ ಮಾಯುತ್ತಿದೆ ಎಂದರ್ಥ. ಈ ವೈದ್ಯವನ್ನು ಅವಳಿಗೆ ಯಾರು ಕಲಿಸಿದರೋ ದೇವರೇ ಬಲ್ಲ.

ಲಿಫ್ಟ್ ರಿಪೇರಿಯವನ ದೊಡ್ಡ ಮಗಳು ಕಿವಿ ಚುಚ್ಚಿಸಿಕೊಂಡು ಹೋದವಳು ಎರಡೇ ದಿನದಲ್ಲಿ ತಿರುಗಿ ಬಂದಳು. ಎಡಗಿವಿಯ ಹಾಲೆ ಊದಿ ಮಿರುಗುತ್ತಿತ್ತು, ಮುಟ್ಟಿದರೆ ಬಿಸಿ. ಒಳಗೆ ಮದುಮಗಳೊಬ್ಬಳು ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಳು. ಅವಳಿಗೆ ಅತ್ತೆಯಾಗುವವಳು ಪಕ್ಕದಲ್ಲೇ ಕೂತು ಎಲ್ಲವನ್ನೂ ಅಳೆಯುತ್ತಿದ್ದಳು. ಅಂಥವಳ ಎದುರು ತನ್ನ ಕೆಲಸ ಕೆಟ್ಟಿದೆ ಎಂದು ತೋರಿಸಿಕೊಳ್ಳುವುದುಂಟೇ? ಆಂಟಿ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸಿದಳು. ತಿರುಪು ಸಡಿಲವಾಗಿ ಅಲ್ಲಾಡಿದ್ದಕ್ಕೇ ಊದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಇನ್ನೊಂದು ಸುತ್ತು ಬಿಗಿ ಮಾಡಿ ಕಳಿಸಿದಳು. ಹುಡುಗಿ ತುಟಿ ಕಚ್ಚಿಕೊಂಡಳು, ಅಳಲಿಲ್ಲ. ಆಂಟಿ ಅದನ್ನು ಕನ್ನಡಿಯಲ್ಲಿ ಕಂಡಳು. ಕಂಡೂ ಬ್ರಷ್ ಎತ್ತಿಕೊಂಡಳು.

ಅದೇ ವಾರ ಹುಡುಗಿ ಮತ್ತೆ ಬಂದಾಗ ಮೈ ಕೆಂಡದಂತೆ ಸುಡುತ್ತಿತ್ತು. ಹಾಲೆಯ ಹಿಂದೆ ತಿರುಪು ಕಾಣಿಸಲೇ ಇಲ್ಲ; ಮಾಂಸ ಅದನ್ನು ನುಂಗಿಬಿಟ್ಟಿತ್ತು. ಕೆಂಪು ಬಣ್ಣ ಕಿವಿಯ ಮೇಲಿನ ಗಟ್ಟಿ ಭಾಗಕ್ಕೂ ಏರಿತ್ತು. ಆಂಟಿಗೆ ಮೊದಲು ನೆನಪಾದದ್ದು ಡಾಕ್ಟರಲ್ಲ, ಚಿಮುಟ. ಯಾರಿಗೂ ಗೊತ್ತಾಗದಂತೆ ತಾನೇ ಕಿತ್ತು ತೆಗೆದರಾಯಿತು ಎಂದು ಅದನ್ನು ಕೈಗೂ ತೆಗೆದುಕೊಂಡಳು. ಹುಡುಗಿ ಏನೂ ಕೇಳದೆ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂತಳು. ಆ ನಂಬಿಕೆಯನ್ನು ಕಂಡ ಮೇಲೆ ಆಂಟಿಗೆ ಕೀಳಲಾಗಲಿಲ್ಲ. ಚಿಮುಟ ಇಟ್ಟು, ಶಟರ್ ಎಳೆದು, ಹುಡುಗಿಯ ಅಪ್ಪನಿಗೆ ಫೋನ್ ಮಾಡುತ್ತ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದಳು. ಇಷ್ಟು ಒಳ್ಳೆಯದು ಮಾಡಿದವಳು ಅಲ್ಲಿಗೇ ನಿಲ್ಲಿಸಬಾರದಿತ್ತೇ? ದಾರಿಯಲ್ಲಿ ನಗುತ್ತಲೇ ಒಂದು ಮಾತು ಸೇರಿಸಿದಳು.

"ಬಿಗಿ ಮಾಡಿದ್ದು ನಾನು ಅಂತ ಹೇಳ್ಬೇಡ ಕಣೇ ಪುಟ್ಟಿ. ಅಂಗಡಿ ಮರ್ಯಾದೆ ನಿನ್ನ ಕೈಲಿದೆ."

ಡಾಕ್ಟರಮ್ಮ ಹಾಲೆ ಮರಗಟ್ಟುವಂತೆ ಇಂಜೆಕ್ಷನ್ ಕೊಟ್ಟು ತಿರುಪನ್ನು ಹೊರತೆಗೆದರು, ಕೀವು ತೆಗೆದರು, ಜೊತೆಜೊತೆಗೇ ಬೈದರು. ಹಾಲೆ ಊದಲು ಕಾರಣ ಹಲವು: ಹುಳ ಕಚ್ಚಿರಬಹುದು, ಓಲೆಯ ಲೋಹ ಒಗ್ಗದೆ ಕೆರೆದು ಕೆರೆದು ಊದಿರಬಹುದು. ನೋವಿಲ್ಲದ ಸಣ್ಣ ಗಂಟಾದರೆ ಬಿಡುವಾದಾಗ ಬಂದು ತೋರಿಸಿದರೂ ನಡೆದೀತು. ಆದರೆ ಕೀವು, ಜ್ವರ, ಮೇಲಕ್ಕೆ ಹರಡುವ ಕೆಂಪು, ಒಳಗೆ ಹೂತುಹೋದ ಓಲೆ, ಇದರಲ್ಲಿ ಯಾವುದೊಂದು ಕಂಡರೂ ಅವತ್ತೇ ಬರಬೇಕು. ಇನ್ನೂ ತಡವಾಗಿದ್ದರೆ ಕಿವಿಯ ಆಕಾರವೇ ಕೆಡುತ್ತಿತ್ತು ಎಂದರು. ಹೊಸದಾಗಿ ಚುಚ್ಚಿದ ಕಿವಿ ಊದಿಯೇ ಊದುತ್ತದೆ, ಅದಕ್ಕೆ ಜಾಗ ಬಿಡಬೇಕು. ಆಮೇಲೆ ತಲೆಯೆತ್ತಿ, ಇಷ್ಟು ಬಿಗಿ ಮಾಡಿದವರು ಯಾರು ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಂಟಿಯ ಕೈ ತಾನಾಗಿ ಬ್ಯಾಗಿನ ಹಿಂದೆ ಸರಿಯಿತು.

"ನಾನೇ," ಎಂದಳು ಹುಡುಗಿ. "ಬಿದ್ದುಹೋಗುತ್ತೆ ಅಂತ."

ಅಷ್ಟರಲ್ಲಿ ಕೆಲಸ ಬಿಟ್ಟು ಓಡಿಬಂದಿದ್ದ ಅಪ್ಪ, ಗ್ರೀಸ್ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಇಷ್ಟು ದೊಡ್ಡವಳಾದರೂ ಬುದ್ಧಿಯಿಲ್ಲವೇ ಎಂದು ಮಗಳನ್ನು ಗದರಿದ. ಆಂಟಿಗೆ ಮಾತ್ರ ಹೇಳಿದ್ದೇ ಹೇಳಿದ್ದು, ನೀವಿಲ್ಲದಿದ್ದರೆ ಏನು ಗತಿ ಎಂದು. ಬೈಸಿಕೊಂಡ ಹುಡುಗಿ ತಲೆ ತಗ್ಗಿಸಿದಳು. ತಗ್ಗಿಸಬೇಕಾದವಳು ಹಲ್ಲುಕಿರಿದು ನಿಂತಿದ್ದಳು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡೇ ಆಂಟಿ ಮನೆಗೆ ಹೋದಳು. ಆದರೆ ತಟ್ಟೆಯ ಮುಂದೆ ಕೂತವಳು ಅನ್ನ ಕಲಸಿ ಹಾಗೇ ಬಿಟ್ಟಳು. ಗಂಡ ಏನಾಯಿತೆಂದು ಕೇಳಿದರೆ ತಲೆನೋವು ಎಂದಳು. ಯಾವತ್ತೂ ಇಲ್ಲದ ನಾಚಿಕೆ ಅವಳನ್ನು ಒಳಗೊಳಗೇ ಸುಡುತ್ತಿತ್ತು. ಒಂದು ಮಗುವಿಗೆ ನೋವು ಕೊಟ್ಟದ್ದಲ್ಲದೆ ಅದರ ಬಾಯಲ್ಲಿ ಸುಳ್ಳನ್ನೂ ಆಡಿಸಿದ್ದಳು.

ಹುಡುಗಿಯ ಜ್ವರ ಇಳಿದ ಮೇಲೆ ಅಪ್ಪ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಂಗಡಿಗೇ ಬಂದ. ಚಿಕ್ಕವಳ ಕಿವಿಯನ್ನೂ ಆಂಟಿಯ ಕೈಯಲ್ಲೇ ಚುಚ್ಚಿಸಬೇಕಂತೆ.

"ತಿರುಪು ಮಾತ್ರ ಇವಳ ಅಕ್ಕನ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ ಮೇಡಂ," ಎಂದು ನಕ್ಕ.

ಆಂಟಿಗೆ ನಗಲಾಗಲಿಲ್ಲ. ಚಿಕ್ಕವಳು ಕುರ್ಚಿಯ ಕಡೆ ಜಗ್ಗುತ್ತಿದ್ದಳು. ಕಿವಿಗೆ ಬ್ಯಾಂಡೇಜ್ ಅಂಟಿಸಿಕೊಂಡ ದೊಡ್ಡವಳು ಹೊಸ್ತಿಲಾಚೆಯೇ ನಿಂತು ತಂಗಿಯ ಕೈ ಹಿಡಿದುಕೊಂಡಿದ್ದಳು. ಅಪ್ಪ ಬಿಡು ಎಂದ. ಬಿಡಲಿಲ್ಲ. ಯಾಕೆ ಎಂದರೆ ಹೇಳಲೂ ಇಲ್ಲ. ಕೊಟ್ಟ ಮಾತನ್ನು ಹಾಗೇ ಉಳಿಸಿಕೊಂಡು, ಆಂಟಿಯ ಬೆರಳುಗಳನ್ನೇ ನೋಡುತ್ತಿದ್ದಳು.

"ಬಿಗಿ ಮಾಡಿದ್ದು ನಾನು," ಎಂದಳು ಆಂಟಿ. "ಇವಳು ಊತ ತೋರಿಸೋಕೆ ಬಂದಿದ್ಲು. ನೋಡೀನೂ ಇನ್ನೊಂದು ಸುತ್ತು ತಿರುಗಿಸಿದೆ. ಯಾರಿಗೂ ಹೇಳ್ಬೇಡ ಅಂದಿದ್ದೂ ನಾನೇ."

ಪಕ್ಕದ ಕುರ್ಚಿಯಲ್ಲಿದ್ದ ಗಿರಾಕಿ ಓದುತ್ತಿದ್ದ ಪತ್ರಿಕೆ ಕೆಳಗಿಳಿಸಿದಳು. ಅಪ್ಪ ಆಂಟಿಯ ಮುಖ ನೋಡಿದ, ಆಮೇಲೆ ಮಗಳ ಕಿವಿ ನೋಡಿದ. ಅವನು ಬೈದಿದ್ದರೆ ಎಷ್ಟೋ ಮೇಲಿತ್ತು.

ದೊಡ್ಡವಳು ತಂಗಿಯ ಕೈ ಬಿಟ್ಟಳು.