ಅಮ್ಮನಿಗೆ ಗೊತ್ತಿದ್ದ ಅಳತೆ

ಸೋಮವಾರ ವಿಜ್ಞಾನದ ಟೀಚರ್ ಪುಸ್ತಕ ತೆರೆಯಲಿಲ್ಲ. ಒಂಬತ್ತನೇ ತರಗತಿಯ ಪ್ರತಿಯೊಬ್ಬರ ಕೈಗೂ ಒಂದೊಂದು ಬಟ್ಟೆಯ ಚೀಲ ಕೊಟ್ಟರು. ಶಾಲೆಯ ಹಳೆಯ ಪರದೆಗಳನ್ನು ಕತ್ತರಿಸಿ ಅವರೇ ಕೂತು ಹೊಲಿದದ್ದು.

"ಒಂದು ವಾರ ಯಾರೂ ಕಸದ ಬುಟ್ಟಿ ಮುಟ್ಟೋ ಹಾಗಿಲ್ಲ," ಎಂದರು. "ತಿಂದು ಉಳಿದಿದ್ದು, ಕೊಳೆಯೋದು ಬಿಟ್ಟು, ನೀವು ಎಸೀಬೇಕು ಅಂದ್ಕೊಂಡಿದ್ದೆಲ್ಲ ಇದರೊಳಗೆ. ಹೋದಲ್ಲೆಲ್ಲ ಹೊತ್ಕೊಂಡು ಹೋಗ್ಬೇಕು. ನಮ್ಮ ಕಸ ಬಾಗಿಲು ದಾಟಿದ ತಕ್ಷಣ ಬೇರೆಯವರದ್ದಾಗಲ್ಲ. ಅದರ ಭಾರ ಒಂದು ಸಲ ನಮ್ಮ ಹೆಗಲಿಗೇ ಗೊತ್ತಾಗ್ಲಿ."

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ಅವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು.

"ಟೀಚರ್, ನಾನು ನಮ್ಮಣ್ಣನ್ನ ಎಸೀಬೇಕು ಅಂತಿದೀನಿ. ಚೀಲದಲ್ಲಿ ಹಿಡಿಸಲ್ವಲ್ಲ?"

"ಮಡಚಿ ಹಾಕು," ಎಂದರು ಟೀಚರ್, ತಾವು ಮಾತ್ರ ನಗದೆ.

ಕಿಟಕಿ ಪಕ್ಕದಲ್ಲಿ ಕೂತಿದ್ದ ಹುಡುಗಿ ಚೀಲವನ್ನು ಮಡಚಿ ಪುಸ್ತಕಗಳ ನಡುವೆ ಇಟ್ಟುಕೊಂಡಳು. ಮನೆಯಲ್ಲಿ ಅವಳ ಹೆಸರು ಇರುವೆ. ನಡೆಯಲು ಕಲಿಯುವ ಮೊದಲೇ ತನಗಿಂತ ದೊಡ್ಡ ದಿಂಬುಗಳನ್ನು ಎಳೆದುಕೊಂಡು ಅಂಬೆಗಾಲಿಡುತ್ತಿದ್ದಳೆಂದು ಅಮ್ಮ ಇಟ್ಟ ಹೆಸರು ಅದು. ಈಗ ಹಾಗೆ ಕರೆಯಲು ಅಮ್ಮ ಮನೆಯಲ್ಲಿರಲಿಲ್ಲ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಎರಡು-ಮೂರು ವರ್ಷಕ್ಕೊಮ್ಮೆ ಬರುತ್ತಿದ್ದಳು, ಬಂದಷ್ಟೇ ಬೇಗ ಹೊರಡುತ್ತಿದ್ದಳು. ಅಪ್ಪ ಬಸ್ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಬಂದು ಅಡುಗೆ ಮಾಡುತ್ತಿದ್ದ, ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಹೆಚ್ಚು ಮಾತಿನವನಲ್ಲ.

ಮೊದಲೆರಡು ದಿನ ಇರುವೆಯ ಚೀಲ ಹೆಚ್ಚುಕಡಿಮೆ ಖಾಲಿಯೇ ಇತ್ತು. ಒಂದು ಹಾಲಿನ ಪ್ಯಾಕೆಟ್ಟು, ಬರೆದು ಮುಗಿದ ಪೆನ್ನು, ಬಿಸ್ಕತ್ತಿನ ಕಾಗದ. ರೇಡಿಯೋನ ಚೀಲವಾದರೋ ಚಿಪ್ಸ್ ಪ್ಯಾಕೆಟ್ಟುಗಳಿಂದ ತುಂಬಿ, ಅವನು ನಡೆದಾಗಲೆಲ್ಲ ಚರಪರ ಸದ್ದು ಮಾಡುತ್ತಿತ್ತು. ಕಾರಿಡಾರಿನ ತುದಿಯಲ್ಲಿದ್ದವರಿಗೂ ಅವನು ಬರುತ್ತಿರುವುದು ಗೊತ್ತಾಗುತ್ತಿತ್ತು.

ಬುಧವಾರ ಅಮ್ಮನ ಪಾರ್ಸೆಲ್ ಬಂತು.

ಅದು ತಿಂಗಳಿಗೊಮ್ಮೆ ತಪ್ಪದೆ ಬರುವಂಥದ್ದು. ದೊಡ್ಡ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ, ಸಂದುಗೊಂದುಗಳಿಗೆಲ್ಲ ಥರ್ಮಕೋಲು, ಗಾಳಿಗುಳ್ಳೆಯ ಪ್ಲಾಸ್ಟಿಕ್ಕು, ಮಾರುಗಟ್ಟಲೆ ಟೇಪು. ಎಲ್ಲವನ್ನೂ ಬಿಚ್ಚಿದರೆ ನಡುವೆ ಬಿಳಿ ಬೂಟಿನ ಜೋಡಿ. ಬದಿಯಲ್ಲಿ ನೀಲಿ ಗೆರೆ. ತುಂಬಾ ಚೆನ್ನಾಗಿತ್ತು. ಇರುವೆ ಕಾಲು ತೂರಿಸಿ ನೋಡಿದಳು. ಹಿಮ್ಮಡಿ ಹೊರಗೇ ಉಳಿಯಿತು.

ಇದು ಹೊಸದೇನಲ್ಲ. ಮಂಚದ ಕೆಳಗೆ ಇಂಥವೇ ಇನ್ನೂ ಇದ್ದವು. ಬಿಗಿಯಾದ ಬೂಟುಗಳು, ತೋಳು ಮೊಣಕೈಗೆ ನಿಲ್ಲುವ ಸ್ವೆಟರ್, ಬೆಲೆಚೀಟಿಯನ್ನೂ ಕೀಳದ ಫ್ರಾಕು. ಅಮ್ಮ ಕೊಳ್ಳುತ್ತಿದ್ದುದು ತಾನು ಕೊನೆಯ ಸಲ ಬಂದು ಹೋಗುವಾಗ ನೋಡಿದ್ದ ಮಗಳಿಗೆ. ಫೋನಿನಲ್ಲಿ ಮುಖ ಕಾಣುತ್ತದೆ, ಕಾಲು ಕಾಣುವುದಿಲ್ಲ. "ಸರಿಯಾಯ್ತಾ ಬಂಗಾರ?" ಎಂದು ಅವಳು ಕೇಳಿದಾಗಲೆಲ್ಲ "ಹ್ಞೂಂ ಅಮ್ಮ, ಸರಿಯಾಗಿದೆ" ಎನ್ನುವುದು ರೂಢಿಯಾಗಿಬಿಟ್ಟಿತ್ತು.

"ಹೇಳ್ಬೇಡ ಕಣೇ, ನೊಂದ್ಕೋತಾಳೆ," ಎಂದು ಅಪ್ಪ ಮೊದಲ ಸಲವೇ ಹೇಳಿದ್ದ.

ಮರುದಿನ ಆ ಚೀಲದೊಂದಿಗೆ ಬಸ್ಸು ಹತ್ತುವುದು ಹರಸಾಹಸವಾಯಿತು. ಥರ್ಮಕೋಲು ಚೀಲದ ಬಾಯಿಂದ ಇಣುಕುತ್ತಿತ್ತು, ಗಾಳಿಗುಳ್ಳೆಗಳು ಜನರ ಮೈಗೆ ಒತ್ತಿ ಪಟ್ ಪಟ್ ಎಂದು ಒಡೆಯುತ್ತಿದ್ದವು. ಮುದುಕಿಯೊಬ್ಬಳು "ಮನೆ ಖಾಲಿ ಮಾಡ್ತಿದೀಯೇನಮ್ಮ?" ಎಂದು ಕೇಳಿದಳು. ಇರುವೆ ತಲೆ ತಗ್ಗಿಸಿ ನಿಂತಳು. ಇಷ್ಟನ್ನೆಲ್ಲ ತಾನು ಬೇಡಿರಲಿಲ್ಲ ಎಂದು ಸಿಟ್ಟು ಬಂತು. ಸಿಟ್ಟು ಅಮ್ಮನ ಮೇಲೆಂದು ಗೊತ್ತಾದಾಗ ಅಳು ಬಂತು.

ಶನಿವಾರ ಎಲ್ಲರೂ ಚೀಲಗಳನ್ನು ನೆಲದ ಮೇಲೆ ಸುರಿದರು. ಟೀಚರ್ ಯಾರನ್ನೂ ಬೈಯಲಿಲ್ಲ. "ಇದರಲ್ಲಿ ನಿಮ್ಮ ಹತ್ರ ಬರದೇ ಇದ್ರೂ ನಡೀತಿತ್ತು ಅನ್ನೋದು ಯಾವುದು? ಅದನ್ನ ತಡೆಯೋಕೆ ನೀವು ಏನು ಮಾಡಬಹುದಿತ್ತು? ಸರ್ಕಾರ ಅಲ್ಲ, ಅಂಗಡಿಯವರಲ್ಲ. ಅವರ ಪಾಲಿನ ಕೆಲಸ ಅವರಿಗಿದೆ. ನೀವು," ಎಂದರು.

ರೇಡಿಯೋ ತನ್ನ ಗುಡ್ಡೆಯನ್ನು ಒಮ್ಮೆ ನೋಡಿ, "ನಾನು ಮಾತಾಡೋದಕ್ಕಿಂತ ತಿನ್ನೋದೇ ಜಾಸ್ತಿ ಅಂತ ಗೊತ್ತಿರ್ಲಿಲ್ಲ ಟೀಚರ್," ಎಂದ. ಸೋಮವಾರದಿಂದ ಮನೆಯಿಂದಲೇ ಡಬ್ಬಿ ತರುತ್ತೇನೆ ಎಂದೂ ಸೇರಿಸಿದ.

ಇರುವೆಯ ಸರದಿ ಬಂತು. "ನಂದು ನನ್ನ ಕೈಲಿಲ್ಲ ಟೀಚರ್. ಅಮ್ಮ ಕಳಿಸ್ತಾಳೆ."

"ಬೂಟಿನ ಪೆಟ್ಟಿಗೆ ಇದು. ಬೂಟೆಲ್ಲಿ?"

"ಹಿಡಿಸಲ್ಲ."

"ಅಮ್ಮಂಗೆ ಹೇಳಿದೀಯಾ?"

ಇರುವೆ ಇಲ್ಲವೆಂದು ತಲೆಯಾಡಿಸಿದಳು. ಟೀಚರ್ ಅವಳ ಪಕ್ಕ ನೆಲದ ಮೇಲೇ ಕೂತು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು. "ಹೇಳೋದು ಸುಲಭ ಅಲ್ಲ, ಗೊತ್ತು. ಆದ್ರೆ ಅದು ನಿನ್ನ ಕೈಲಿಲ್ಲ ಅನ್ನೋದು ನಿಜ ಅಲ್ಲ. ನಿನ್ನ ಬಾಯಲ್ಲಿದೆ."

ಭಾನುವಾರ ಅಮ್ಮ ಫೋನು ಮಾಡಿದಳು. ನೀಲಿ ಅಂಚಿನ ಸಮವಸ್ತ್ರದಲ್ಲೇ ಇದ್ದಳು. ಹಿಂದೆ ಹಾಸ್ಟೆಲಿನ ಇಕ್ಕಟ್ಟಾದ ಕೋಣೆ, ಹಗ್ಗದ ಮೇಲೆ ಒಣಗುತ್ತಿದ್ದ ಸಾಕ್ಸುಗಳು.

"ಬೂಟು ಸರಿಯಾಯ್ತಾ ಬಂಗಾರ?"

ಇರುವೆ ಫೋನನ್ನು ಅಪ್ಪನ ಕೈಗೆ ಕೊಟ್ಟು, "ಕೆಳಗೆ ಹಿಡಿ" ಎಂದಳು. ಬಿಳಿ ಬೂಟಿನ ಪಕ್ಕ ತನ್ನ ಬರಿಗಾಲನ್ನು ಇಟ್ಟು ನಿಂತಳು.

ಅಮ್ಮ ಮುಖವನ್ನು ತೆರೆಯ ಹತ್ತಿರಕ್ಕೆ ತಂದಳು.

"ಇಷ್ಟು ದೊಡ್ಡದಾಯ್ತಾ ನಿನ್ನ ಕಾಲು?" ಎಂದಳು.

"ಹಿಂದಿನ ಬೂಟೂ ಆಗ್ಲಿಲ್ಲಮ್ಮ. ಸ್ವೆಟರ್ರೂ ಆಗ್ಲಿಲ್ಲ. ಎಲ್ಲ ಮಂಚದ ಕೆಳಗಿದೆ. ಇನ್ನು ಕಳಿಸ್ಬೇಡ."

"ಸರಿ," ಎಂದಳು ಅಮ್ಮ. ಡ್ಯೂಟಿಗೆ ಹೊತ್ತಾಯಿತೆಂದು ಫೋನಿಟ್ಟಳು. ಅವಳು ಡ್ಯೂಟಿ ಮುಗಿಸಿ ಬಂದು ಕೂತಿದ್ದಳೆಂಬುದು ಅಪ್ಪ-ಮಗಳಿಬ್ಬರಿಗೂ ಗೊತ್ತಿತ್ತು.

ಆ ವಾರ ಅಮ್ಮನ ಫೋನು ಬರಲಿಲ್ಲ. ಇವರು ಮಾಡಿದರೆ "ಆಮೇಲೆ ಮಾಡ್ತೀನಿ" ಎಂಬ ಸಂದೇಶ ಮಾತ್ರ ಬರುತ್ತಿತ್ತು. ಮಗಳ ತಟ್ಟೆಗೆ ಬಡಿಸುವಾಗ ಅಪ್ಪನ ಕೈ ಸ್ವಲ್ಪ ಧಾರಾಳವಾಗಿತ್ತು. ಇರುವೆಗೆ ಶಾಲೆಯೂ ಬೇಡವಾಯಿತು, ಟೀಚರೂ ಬೇಡವಾದರು. ಬಾಯಿಮುಚ್ಚಿಕೊಂಡು ಇದ್ದಿದ್ದರೆ ಮುಂದಿನ ತಿಂಗಳೂ ಒಂದು ಪೆಟ್ಟಿಗೆ ಬರುತ್ತಿತ್ತು, ಅದರೊಳಗಿನ ಬಟ್ಟೆಯಲ್ಲಿ ಅಮ್ಮನ ಸೋಪಿನ ವಾಸನೆಯಾದರೂ ಇರುತ್ತಿತ್ತು ಎಂದುಕೊಂಡಳು.

ಆದರೂ ಮಂಚದ ಕೆಳಗಿನದ್ದನ್ನೆಲ್ಲ ಎಳೆದು, ಧೂಳು ಒರೆಸಿ, ಶಾಲೆಗೆ ಒಯ್ದಳು. ಆರನೇ ತರಗತಿಯ ಪುಟ್ಟ ಹುಡುಗಿಯೊಬ್ಬಳಿಗೆ ಬಿಳಿ ಬೂಟು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅವಳು ಮೈದಾನದಲ್ಲಿ ಓಡಿದಳು, ಬಿದ್ದಳು, ಎದ್ದು ಮತ್ತೆ ಓಡಿದಳು. ಮಧ್ಯಾಹ್ನದ ಹೊತ್ತಿಗೆ ನೀಲಿ ಗೆರೆ ಕೆಸರಲ್ಲಿ ಮುಚ್ಚಿಹೋಗಿತ್ತು. ಇರುವೆ ಮೆಟ್ಟಿಲ ಮೇಲೆ ಕೂತು ನೋಡಿದಳು. ಅಮ್ಮ ಅಂಗಡಿಯಲ್ಲಿ ನಿಂತು ಬೂಟನ್ನು ತಿರುಗಿಸಿ ತಿರುಗಿಸಿ ನೋಡುವಾಗ ಕಣ್ಣ ಮುಂದೆ ಬಂದಿದ್ದ ಹುಡುಗಿ ಹೀಗೇ ಇದ್ದಿರಬೇಕು ಅನಿಸಿತು. ಆ ಪುಟ್ಟ ಹುಡುಗಿಯಾಗಿ ಒಂದು ಗಳಿಗೆ ಅಮ್ಮನ ಮುಂದೆ ಓಡಬೇಕೆನಿಸಿತು.

ಮುಂದಿನ ಭಾನುವಾರ ಮಧ್ಯಾಹ್ನ ಫೋನು ಬಂತು. ಅಮ್ಮನ ಮುಖ ಸೊರಗಿತ್ತು.

"ನಿನ್ನ ಮೇಲೆ ಕೋಪ ಇಲ್ಲ ಕಣೇ," ಎಂದಳು. "ನನ್ನ ಮೇಲೇ ನಂಗೆ ನಾಚಿಕೆ ಆಯ್ತು. ರಜಾ ದಿನ ಅಂದ್ರೆ ನಾನು ಅಂಗಡಿಗೆ ಹೋಗ್ತಿದ್ದೆ. ಒಂದೊಂದೇ ಬಟ್ಟೆ ಎತ್ಕೊಂಡು, ಇದು ನಿಂಗೆ ಒಪ್ಪುತ್ತಾ, ಈ ಬಣ್ಣ ಇಷ್ಟ ಆಗುತ್ತಾ ಅಂತ ನಿನ್ನ ಜೊತೆ ಮಾತಾಡ್ತಾ ಇದ್ದೆ. ಇಡೀ ದಿನ ನಿನ್ನ ಜೊತೆ ಕಳೆದ ಹಾಗಿರ್ತಿತ್ತು. ಇವತ್ತು ಎಲ್ಲಿಗೂ ಹೋಗ್ಲಿಲ್ಲ. ಬೆಳಗ್ಗೆಯಿಂದ ಏನು ಮಾಡ್ಬೇಕು ಅಂತಾನೇ ತಿಳೀತಿಲ್ಲ."

"ಫೋನಲ್ಲೇ ಇರು," ಎಂದಳು ಇರುವೆ. "ಮಾತಾಡ್ಲೇಬೇಕು ಅಂತಿಲ್ಲ. ನೀನು ನಿನ್ನ ಕೆಲಸ ಮಾಡ್ಕೋ, ನಾನು ನಂದು ಮಾಡ್ಕೋತೀನಿ. ಸುಮ್ನೆ ಇರು."

"ಸುಮ್ನೆ ಇರೋದಾ?"

"ಹ್ಞೂಂ. ಮನೇಲಿದ್ರೆ ಹಾಗೇ ತಾನೇ ಇರ್ತಿದ್ದಿದ್ದು."

ಅಂದಿನಿಂದ ಭಾನುವಾರಗಳು ಹಾಗೇ ಸಾಗಿದವು. ಇರುವೆ ಸಕ್ಕರೆ ಡಬ್ಬಿಗೆ ಒರಗಿಸಿ ಫೋನು ಇಡುತ್ತಿದ್ದಳು. ಆ ಕಡೆ ಅಮ್ಮ ಸಮವಸ್ತ್ರ ಒಗೆಯುತ್ತಿದ್ದಳು, ಈ ಕಡೆ ಇರುವೆ ತನ್ನ ಚೀಲದ ಹರಿದ ಹಿಡಿ ಹೊಲಿಯುತ್ತಿದ್ದಳು. "ದಾರ ಎರಡೆಳೆ ಮಾಡ್ಕೊಳ್ಳೇ, ಒಂಟಿ ಎಳೆ ನಿಲ್ಲಲ್ಲ," ಎಂದು ಅಮ್ಮ ತಲೆಯೆತ್ತದೆ ಹೇಳುತ್ತಿದ್ದಳು. "ಅಮ್ಮ, ನಲ್ಲಿ ನಿಲ್ಸು, ನೀರು ಹೋಗ್ತಿದೆ," ಎಂದು ಇರುವೆ ಇಲ್ಲಿಂದ ಗದರುತ್ತಿದ್ದಳು. "ನಿಮ್ಮ ಟೀಚರ್ ಇಲ್ಲಿಗೂ ಬಂದ್ರಾ?" ಎನ್ನುತ್ತಾ ಅಮ್ಮ ನಲ್ಲಿ ತಿರುಗಿಸುತ್ತಿದ್ದಳು.

ಪೆಟ್ಟಿಗೆ ಬರುವುದು ನಿಂತಿತು. ಅಮ್ಮ ಬರುವ ದಿನ ಮಾತ್ರ ಹತ್ತಿರವಾಗಲಿಲ್ಲ. ರಜೆ ಸಿಗುವುದು ಮುಂದಿನ ಬೇಸಿಗೆಗೇ ಎಂದು ಗೊತ್ತಾದ ದಿನ ಇರುವೆ ಹೊಲಿಗೆ ಬಿಟ್ಟು ಎದ್ದು ಹೋಗಿ, ಮುಖ ತೊಳೆದುಕೊಂಡು ಬಂದು ಕೂತಳು. ಅಮ್ಮ ಆ ಕಡೆ ಒಗೆಯುತ್ತಲೇ ಇದ್ದಳು.

ಒಂದು ಭಾನುವಾರ ಅಪ್ಪ ಪಾಳಿ ಮುಗಿಸಿ ಬಂದಾಗ ಅಡುಗೆಮನೆ ಸದ್ದಿಲ್ಲದೆ ಇತ್ತು. ಇರುವೆ ಬೆರಳು ತುಟಿಯ ಮೇಲಿಟ್ಟು ಸನ್ನೆ ಮಾಡಿದಳು. ಅಮ್ಮ ಮಾತಾಡುತ್ತಾ ಮಾತಾಡುತ್ತಲೇ ನಿದ್ದೆ ಹೋಗಿದ್ದಳು. ಆ ಕಡೆಯ ಫೋನು ವಾಲಿ, ತೆರೆಯ ಮೇಲೆ ಹಾಸ್ಟೆಲಿನ ಗೋಡೆ, ದಿಂಬಿನ ಮೂಲೆ, ಅವಳ ಒಂದು ಮೊಣಕೈ ಮಾತ್ರ ಕಾಣುತ್ತಿತ್ತು. ಉಸಿರು ಕೇಳುತ್ತಿತ್ತು.

ಅಪ್ಪ ಬಾಗಿಲಲ್ಲೇ ನಿಂತು ಆ ಮೊಣಕೈಯನ್ನು ನೋಡಿದ. ಇರುವೆ ಕರೆ ನಿಲ್ಲಿಸಲು ಕೈ ಚಾಚಿದಳು.

"ಇರ್ಲಿ ಬಿಡು," ಎಂದ ಅಪ್ಪ ಪಿಸುಮಾತಿನಲ್ಲಿ.

ಸದ್ದಾಗದಂತೆ ಕುರ್ಚಿ ಎಳೆದುಕೊಂಡು, ಅಂಗಿಯನ್ನೂ ಬದಲಿಸದೆ, ಮಗಳ ಪಕ್ಕ ಕೂತ.